ಉಪ್ಪಿನ ಋಣ

ಬಾಗಿಲಲ್ಲಿ ನಿಂತ ಅತಿಥಿಯನ್ನು ಕಂಡೊಡನೆ ಗೆಮೆಚು ಸಾಹೇಬರು ಎಡಗೈಯನ್ನು ಬೆನ್ನ ಹಿಂದೆ ಮರೆಮಾಡಿದರು. ಉಗುರುಗಳಿಲ್ಲದ ಕೈ ಅದು. ಜೈಲಿನಲ್ಲಿ ಕಿತ್ತದ್ದು. ಅಡುಗೆಯ ನಜ್ಮಾ ಅದನ್ನು ಗಮನಿಸಿದಳು.

ಸಾಹೇಬರು ಒರೊಮೊ ಜನರ ನಾಯಕರು. ಇಥಿಯೋಪಿಯಾದ ಜೈಲಿನಿಂದ ಹೊರಬಿದ್ದು ದೋಹಾದಲ್ಲಿ ಕಾಫಿಬೀಜದ ವ್ಯಾಪಾರ ಕಟ್ಟಿದವರು. ಅಲ್ಲಿನ ಚುನಾವಣೆಗೆ ನಿಲ್ಲಲು ಮರುದಿನ ವಿಮಾನ ಹತ್ತುವವರಿದ್ದರು. ಬಂದರೆ ಹೆಣವಾಗುತ್ತೀ ಎಂದು ಫೋನುಗಳು ಬರುತ್ತಲೇ ಇದ್ದವು. ಹಳೆಯ ಮಾಲೀಕ ಬೀದಿಗೆ ದಬ್ಬಿದಾಗ ಉಪ್ಪಿನಂಗಡಿಯ ನಜ್ಮಾಗೆ ಅಲ್ ಅಜೀಜಿಯಾದ ತಮ್ಮ ವಿಲ್ಲಾದಲ್ಲಿ ಅಡುಗೆ ಕೆಲಸ ಕೊಟ್ಟವರು ಅವರೇ. ಅವರಿಗೇನಾದರೂ ಆದರೆ ಅವಳು ಎರಡನೇ ಸಲ ಅಪ್ಪನನ್ನು ಕಳೆದುಕೊಂಡಂತೆ.

"ಯಾರು ಬಾಬಾ ಇವನು?" ಅಡುಗೆಮನೆಯಲ್ಲಿ ಪಿಸುದನಿಯ ಅರಬಿಯಲ್ಲಿ ಕೇಳಿದಳು.

"ಜೈಲಿನ ಕಾಲದವನು. ಇವನ ದಾರಿ ಎಷ್ಟು ವರ್ಷ ಕಾದಿದ್ದೇನೆ ಗೊತ್ತಾ? ಇವತ್ತು ಕಾಫಿ ನಾನೇ ಮಾಡುತ್ತೇನೆ."

ಅವರ ಕಡೆ ಕಾಫಿಗೆ ಉಪ್ಪು. ಅತಿಥಿಯ ಕಪ್ಪಿಗೆ ತಾವೇ ಹಾಕಿ ಕಲಕಿದರು. "ನನ್ನದಕ್ಕೆ ಬೇಡ, ಬಿಪಿ," ಎಂದು ನಕ್ಕರು.

ಮಜ್ಲಿಸ್‌ನಲ್ಲಿ, ಅತಿಥಿಗಳ ಹಜಾರದಲ್ಲಿ, ಇಬ್ಬರೂ ತಮ್ಮ ಭಾಷೆಯಲ್ಲಿ ಮಾತಿಗೆ ಕೂತರು. ನಜ್ಮಾಗೆ ಒಂದಕ್ಷರ ತಿಳಿಯಲಿಲ್ಲ. ಸಾಹೇಬರ ಕಾಫಿ ಸಪ್ಪೆಯೆಂದು ತಿಳಿದದ್ದೇ ಅತಿಥಿ ಜೇಬಿನ ಪೊಟ್ಟಣ ತೆಗೆದು, ಬಿಳಿ ಪುಡಿಯನ್ನು ಅದರಲ್ಲಿ ಉದುರಿಸಿದ.

"ನಮ್ಮೂರಿನ ಉಪ್ಪಂತೆ, ನಜ್ಮಾ!" ಎಂದರು ಸಾಹೇಬರು.

ಉಪ್ಪಂತೆ, ಉಪ್ಪು! ಫೋನಿನ ಬೆದರಿಕೆಗಳು ಅವಳಿಗೆ ನೆನಪಾದವು: ಇದು ವಿಷವೇ. ಕೂಗಿ ಹೇಳಿದರೆ ಬಾಬಾ ನಂಬುವಂತಿರಲಿಲ್ಲ.

ಕುಡಿಯುವ ಮುನ್ನ ಪ್ರಾರ್ಥನೆ ಅವರ ಪದ್ಧತಿ. ಇಬ್ಬರೂ ಕಣ್ಣು ಮುಚ್ಚಿದರು. ಖರ್ಜೂರದ ತಟ್ಟೆ ಇಡುವ ನೆಪದಲ್ಲಿ ನಜ್ಮಾ ಬಾಗಿ, ಎರಡು ಕಪ್ಪುಗಳನ್ನು ಅದಲುಬದಲು ಮಾಡಿದಳು. ಮಾಡಿದ್ದುಣ್ಣೋ ಮಹರಾಯ.

ಆಮೀನ್ ಆಯಿತು. ಅತಿಥಿ ಕುಡಿಯಲಿಲ್ಲ. ಸಾಹೇಬರ ಎಡಗೈಯನ್ನು ಎಳೆದುಕೊಂಡು, ಉಗುರಿಲ್ಲದ ಬೆರಳುಗಳನ್ನು ಕಣ್ಣಿಗೊತ್ತಿ ಗೊಳೋ ಎಂದು ಅತ್ತ. ಕಿತ್ತವನು ಇವನೇ ಎಂಬುದು ಭಾಷೆ ತಿಳಿಯದೆಯೂ ನಜ್ಮಾಗೆ ಹೊಳೆಯಿತು. ಕ್ಷಮೆ ಬೇಡಲು ಬಂದಿದ್ದ. ಹಾಗಾದರೆ ಆ ಪುಡಿ ನಿಜವಾಗಿಯೂ ಉಪ್ಪೇ? ಅವಳಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು.

ಬಿಕ್ಕುತ್ತಲೇ ಅವನು ಕಪ್ಪನ್ನು ತುಟಿಗೆತ್ತಿದ. ಸಾಹೇಬರು ಬೆಚ್ಚಿಬಿದ್ದು ಅದನ್ನು ತಟ್ಟಿ ಬೀಳಿಸಿದರು. ಕಾಫಿ ಕಾರ್ಪೆಟ್ಟಿನ ಮೇಲೆಲ್ಲ ಚೆಲ್ಲಿತು. ಅವನನ್ನು ತಬ್ಬಿಕೊಂಡು ತಾವೂ ಅತ್ತರು. ರಾಜಿಯಾದರೆ ಕಪ್ಪಿನ ತಳ ಕಾಣಬೇಕು ಎಂಬುದು ಅವರ ಮನೆತನದ ಮಾತು. ನಜ್ಮಾ ಎಷ್ಟೋ ಸಲ ಕೇಳಿದ್ದಳು. ಸಾಹೇಬರು ಹಾಗೆಯೇ ತಮ್ಮ ಮುಂದಿದ್ದ ಕಪ್ಪನ್ನೆತ್ತಿ, ಒಂದೇ ಉಸಿರಿಗೆ ಬರಿದು ಮಾಡಿದರು.

ನಜ್ಮಾ ನಿರಾಳವಾಗಿ ಬಟ್ಟೆ ತಂದು, ಚೆಲ್ಲಿದ್ದನ್ನು ಒರೆಸಲು ಬಾಗಿದಳು.

"ಬರಿಗೈಲಿ ಮುಟ್ಟಬೇಡ ಮಗಳೇ," ಸಾಹೇಬರು ಕಣ್ಣೊರೆಸಿಕೊಳ್ಳುತ್ತ ಹೇಳಿದರು, "ಅವನ ಕಪ್ಪಿಗೆ ನಾನು ಹಾಕಿದ್ದು ಉಪ್ಪಲ್ಲ."