ಕಲ್ಯಾಣಪ್ಪನವರ ಹೊರಸು

ಕತ್ತಲಾಗುವ ಹೊತ್ತಿಗೆ ಕಲ್ಯಾಣಪ್ಪನವರು ತಾವು ಮಲಗುವ ಹಗ್ಗದ ಮಂಚ, ಆ ಹೊರಸನ್ನು ತಾವೇ ಎಳೆದುಕೊಂಡು ಓಣಿಗೆ ಬಂದರು. ಕಿಲ್ಲಾರಿ ಭೂಕಂಪವಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಆಳಂದದ ಮಂದಿಯೆಲ್ಲ ಬಯಲಲ್ಲಿ ಮಲಗುತ್ತಿದ್ದಾಗ ಈ ಓಣಿಯವರಿಗೆ ಧೈರ್ಯ ಹೇಳಿ ಒಳಗೆ ಕಳಿಸಿದವರು ಇವರೇ, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವರು. "ನೆಲ ಮಡಚೋದು ಹಿಮಾಲಯದಾಗ. ನಮ್ಮದು ಪುರಾತನ ಬಂಡೆಗಲ್ಲು, ಒಮ್ಮೆ ಅಲಗಿತು, ಇನ್ನ ಜಗ್ಗಂಗಿಲ್ಲ" ಎಂದು ಕಟ್ಟೆ ಹತ್ತಿ ಹೇಳಿದ್ದರು. ಹೇಳಿದ್ದಷ್ಟೇ ಅಲ್ಲ, ಅಂದೇ ಒಳಗೆ ಮಲಗಿ ಓಣಿಗೆಲ್ಲ ಕೇಳುವಂತೆ ಗೊರಕೆ ಹೊಡೆದಿದ್ದರು.

ಆಮೇಲೆ ಪುಸ್ತಕ ತೆರೆದು ನೋಡಿದ್ದೇ ತಪ್ಪಾಯಿತು. ಪರ್ವತ ಏಳುವಾಗ ಎಳೆಯ ಪದರಗಳು ಹಿಟ್ಟಿನಂತೆ ಮಡಚಿಕೊಳ್ಳುತ್ತವೆ, ಹಳೆಯ ಬಂಡೆ ಮಡಚುವುದಿಲ್ಲ, ನಿಜ. ಆದರೆ ದೂರದ ಆ ಒತ್ತಡ ಅದಕ್ಕೂ ಮುಟ್ಟುತ್ತದೆ. ಬಹಳ ಕಾಲ ತಡೆದುಕೊಂಡು, ಒಂದು ದಿನ ತನ್ನದೇ ಹಳೆಯ ಬಿರುಕಿನಲ್ಲಿ ಸರಕ್ಕನೆ ಜಾರುತ್ತದೆ. ಅಷ್ಟು ಓದಿದ ಮೇಲೆ ಕಲ್ಯಾಣಪ್ಪನವರಿಗೆ ಗೊರಕೆ ಬರಲಿಲ್ಲ. ತಾನು ಹೇಳಿದ್ದು ತಪ್ಪು ಎಂದು ಬಾಯಿಬಿಟ್ಟು ಹೇಳಲು ಸಂಕೋಚ. ಗೊರಕೆ ನಂಬಿದ ಜನ ಹೊರಸನ್ನೂ ನಂಬಿಯಾರು ಎಂದುಕೊಂಡರು.

ಹೊರಸು ಎತ್ತುವ ಮುಂಚೆ ಹೆಂಡತಿ ಶಿವಕಾಂತಾಳನ್ನು ಹೊರಗೆ ಮಲಗಲು ಕರೆದು ನೋಡಿದ್ದರು. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಮಾಸ್ತರ ಹೆಂಡ್ತಿ ಆಗಿ ಹೆದರ್ತಿಯೇನಬೇ ಅಂತ ಅವತ್ತ ನನ್ನ ಒಳಗ ಎಳಕೊಂಡ ಬಂದವರು ಯಾರ್ರಿ?"

"ಅವತ್ತ ನಂಗ ಪೂರಾ ಗೊತ್ತಿರಲಿಲ್ಲ."

"ಪೂರಾ ಗೊತ್ತಾದ ಮ್ಯಾಲ ಹೇಳ್ರಿ. ಹೋಗ್ರಿ, ನೀವೊಬ್ರೇ ಹೊರಗ ಹೋಗ್ರಿ!"

ಕೊನೆಯ ಮಾತು ಓಣಿಯ ತುದಿಯವರೆಗೂ ಕೇಳಿಸಿತ್ತು. ಈಗ ಎದುರು ಮನೆಯ ಲಾರಿ ಡ್ರೈವರ್ ಗುಡುಸಾಬ ಬಂದು ಹೊರಸಿನ ಅಂಚಿಗೆ ಕೂತ.

"ಸಂಸಾರದಾಗ ಇವೆಲ್ಲಾ ಇರ್ತಾವ್ರಿ ಸರ್. ಮನಸ್ಸಿಗೆ ಹಚ್ಕೋಬ್ಯಾಡ್ರಿ."

"ಅದಲ್ಲೋ ಮಾರಾಯ. ನೆಲ ಮತ್ತ ಅಲಗಬಹುದು. ಮಕ್ಕಳನ್ನ ಕರಕೊಂಡು ನೀವೂ ಹೊರಗ ಬರ್ರಿ."

ಗುಡುಸಾಬ ಕನಿಕರದಿಂದ ನಕ್ಕ. "ಇರ್ಲಿ ಬಿಡ್ರಿ. ಮರ್ಯಾದಿಗೆ ಏನಾರ ಒಂದು ಹೇಳಬೇಕಲ್ಲ. ನಮ್ಮಾಕಿ ಹೊರಗ ಹಾಕಿದಾಗ ನಾನೂ ಸೆಕಿ ಭಾಳ ಅದ ಅಂತೇನಿ."

"ಖರೇನ ಹೇಳಾಕತ್ತೇನಿ! ಅವತ್ತ ನಾ ಹೇಳಿದ್ದು ತಪ್ಪು."

"ಛೇ ಛೇ, ನಿಮ್ಮ ಮಾತು ತಪ್ಪಾಗತದೇನ್ರಿ?"

ಅಷ್ಟರಲ್ಲಿ ಅವನ ಹೆಂಡತಿ ಗೌಸಿಯಾಬೇಗಂ ಬಾಗಿಲಿಗೆ ಬಂದಳು. "ಭಾಯಿಸಾಬ, ಥಂಡ್ಯಾಗ ಯಾಕ ಕುಂತೀರಿ? ನಮ್ಮಲ್ಲೇ ಮಲಕೊಳ್ರಿ, ಹಾಸಿಗಿ ಹಾಕೇನಿ. ಮಾಳಿಗಿ ಬಿರುಕ ಬಿಟ್ಟಿತ್ತಲ್ಲ, ನೀವು ಧೈರ್ಯ ಕೊಟ್ಟ ಮ್ಯಾಲ ಇನ್ನೊಂದು ಪದರ ಮಣ್ಣ ಹೇರಿಸೀವಿ. ಹೆಂಗ ಗಟ್ಟಿ ಆಗ್ಯಾದ ಬಂದ ನೋಡ್ರಿ."

ಕಲ್ಯಾಣಪ್ಪನವರು ತೆರೆದ ಬಾಗಿಲಿನಿಂದ ಒಳಗೆ ನೋಡಿದರು. ಮೇಲಿನ ಹಸಿಮಣ್ಣಿನ ಭಾರಕ್ಕೆ ಮಾಳಿಗೆಯ ತೊಲೆ ನಡುವೆ ತುಸು ಬಾಗಿತ್ತು. ಅದರ ಕೆಳಗೆ ಮಕ್ಕಳು ಸಾಲಾಗಿ ಮಲಗಿದ್ದರು, ಪಕ್ಕದಲ್ಲಿ ಕಲ್ಯಾಣಪ್ಪನವರಿಗೆಂದೇ ಹಾಸಿದ ಹೊಸ ಕೌದಿ.