ಬಿಚ್ಚಿದ ದಾರ

ವೆಂಕಮ್ಮ ದರ್ಗಾದ ಜಾಲರಿಗೆ ದಾರ ಕಟ್ಟುತ್ತಿಲ್ಲ, ಬಿಚ್ಚುತ್ತಿದ್ದಾಳೆ ಎಂಬುದು ಅವಳ ಬೆರಳು ತಾಕಿದಾಗಲೇ ಗಂಡ ಮೌನಪ್ಪನಿಗೆ ತಿಳಿದದ್ದು. ಮೂರು ವರ್ಷದ ಹಿಂದೆ ಅವನ ಕಣ್ಣು ಮಂಜಾಗತೊಡಗಿದಾಗ ಅವಳೇ ಬಂದು ಕಟ್ಟಿಹೋಗಿದ್ದ ಹರಕೆಯ ದಾರ ಅದು. ಬೇಡಿದ್ದು ಸಿಕ್ಕವರು ಮಾತ್ರ ಬಿಚ್ಚಬೇಕು. ಅವನಿಗೋ ಈಗ ಪೂರ್ತಿ ಕತ್ತಲೆ.

“ಏನ್ ಮಾಡಾಕತ್ತೀ?”

“ಇನ್ನ ಕಣ್ಣು ಬರಂಗಿಲ್ಲಂತರೀ. ಡಾಕ್ಟರು ಹೋದ ವಾರನ ಹೇಳ್ಯಾರ. ಜಾಲರಿಯಾಗಿನ ಈ ಜಾಗಾ ಮತ್ಯಾರದರ ಹರಕಿಗೆ ಆಗಲಿ.”

ಎರಡು ದಿನ ಕರ್ನೂಲು ನೋಡಿ ಬರೋಣವೆಂದು ಅವಳು ತನ್ನನ್ನು ಮಾನ್ವಿಯಿಂದ ಹೊರಡಿಸಿದ್ದು ಯಾಕೆಂದು ಅವನಿಗೆ ಈಗ ಅರ್ಥವಾಯಿತು. ನಿನ್ನೆಯಿಂದ ಅವಳು ಕೈಹಿಡಿದು ನಡೆಸುತ್ತ ಕೋಟೆಯ ಬುರುಜು, ಸೇತುವೆ, ತುಂಬಿ ಹರಿಯುವ ಹೊಳೆ ಎಲ್ಲವನ್ನೂ ಬಾಯಲ್ಲೇ ತೋರಿಸಿದ್ದಳು.

ಅಂದು ಅವಳ ಹರಕೆ ಕೇಳಿಸಿಕೊಂಡಿದ್ದ, ದರ್ಗಾ ನೋಡಿಕೊಳ್ಳುವ ಮುಜಾವರರು ಬಿಚ್ಚಿದ ದಾರ ಕಂಡು ಸಕ್ಕರೆ ತಟ್ಟೆ ಹಿಡಿದು ಬಂದರು. “ಮುರಾದ್ ಪೂರಾ ಆತು, ಬೇಡಿದ್ದು ಸಿಕ್ತು! ಕಣ್ಣು ಬಂದ್ವೇನಪಾ?”

ವೆಂಕಮ್ಮನ ಬಳೆಗಳ ಸದ್ದು ನಿಂತಿತು. ಮೌನಪ್ಪ ಹೊಳೆಯ ಗಾಳಿ ಬರುವ ಬಾಗಿಲ ಕಡೆ ಮುಖ ತಿರುಗಿಸಿ ನಕ್ಕ.

“ಬಂದ್ವು ನೋಡ್ರಿ. ಹೊಳಿ ಎಷ್ಟು ತುಂಬ್ಯಾದ!”

ಮುಜಾವರರು ಆ ಕಡೆ ನೋಡಿದರು. ಎಪ್ಪತ್ತೆರಡನೇ ಇಸವಿಯ ಬರಗಾಲ; ಮಳೆಯಿಲ್ಲದೆ ಆ ಹೊಳೆಯಲ್ಲಿ ದಂಡೆಯಿಂದ ದಂಡೆಗೆ ಬರೀ ಮರಳಿತ್ತು.