ನಡುವೆ ಒಬ್ಬರ ಜಾಗ

ಸ್ಟುಡಿಯೋದ ಗಾಜಿನ ಬಾಗಿಲು ಕಿರ್ರೆಂದಿತು. ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದ ಗಂಡ ಹೆಂಡತಿ ಬಿಸಿ ಮುಟ್ಟಿದವರ ಹಾಗೆ ಎರಡು ತುದಿಗೆ ಸರಿದರು. ಗಡಿಯಾರ ರಿಪೇರಿ ಮಾಡುವ ಗಂಡ ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ಹೆಂಡತಿ ಕೈಚೀಲದಲ್ಲಿ ಏನನ್ನೋ ಹುಡುಕಿದರು. ಒಳಗೆ ಬಂದದ್ದು ಬರೀ ಗಾಳಿ.

ಫೋಟೋಗ್ರಾಫರ್ ಕ್ಯಾಮೆರಾದಿಂದ ಕಣ್ಣು ತೆಗೆದಳು. "ಅಂಕಲ್, ಮತ್ತೆ ದೂರ ಹೋದ್ರಲ್ಲ!"

"ಬೇಕು ಅಂತ ಹೋಗ್ಲಿಲ್ಲ ಕಣಮ್ಮ. ಹಾಗೇ ಆಗ್ಬಿಡುತ್ತೆ," ಎಂದರು ಗಡಿಯಾರ ರಿಪೇರಿಯವರು, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಟೀಚರ್, ನಿಮಗೇನೂ ಬೇಜಾರಾಗ್ಲಿಲ್ಲ ತಾನೆ?" ಎಂದು ವಿಚಾರಿಸಿದರು.

"ನೋಡು ತಾಯಿ," ಎಂದರು ಟೀಚರ್ ಫೋಟೋಗ್ರಾಫರ್‌ಗೆ. "ಹೊಸ್ತಿಲು ದಾಟಿದ್ರೆ ಸಾಕು, ನಾನು ಇವರಿಗೆ ಟೀಚರ್, 'ನೀವು'. ಮನೇಲಿ ಕರೆಯೋದೇ ಬೇರೆ. ಅದನ್ನ ಇಲ್ಲಿ ಹೇಳಿದ್ರೆ ಓಡಿಹೋಗ್ತಾರೆ."

ಬೇರೆ ಬೇರೆ ಧರ್ಮದಲ್ಲಿ ಹುಟ್ಟಿ ಮದುವೆಯಾದ ಜೋಡಿಗಳ ಚಿತ್ರಗಳನ್ನು ಫೋಟೋಗ್ರಾಫರ್ ಒಂದೊಂದಾಗಿ ತೆಗೆಯುತ್ತಿದ್ದಳು. ಸುದ್ದಿ ಕೇಳಿ ಗಂಡನನ್ನು ಹೊರಡಿಸಿಕೊಂಡು ಬಂದವರು ಟೀಚರೇ. ಮನೆಯ ಮುಂದಿನ ಕೋಣೆಯಲ್ಲಿ, ಬಂದವರ ಕಣ್ಣಿಗೆ ಬೀಳುವ ಗೋಡೆಗೆ, ಇಬ್ಬರೂ ಜೊತೆಗಿರುವ ಒಂದು ಫೋಟೋ ಅವರಿಗೆ ಬೇಕಿತ್ತು. ಅಂಥದ್ದು ಒಂದೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಟೀಚರ್ ಅಣ್ಣಂದಿರೂ ಗಡಿಯಾರದವರ ಅಪ್ಪನೂ ಇವರನ್ನು ಊರೂರು ಹುಡುಕುತ್ತಿದ್ದರು. ಆಗಿನಿಂದ ಬಸ್ಸಿನಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ. ಎಲ್ಲಾದರೂ ಕಾಯಬೇಕಾಗಿ ಬಂದರೆ ನಡುವೆ ಒಬ್ಬರ ಜಾಗ. ಯಾರಾದರೂ ಕೇಳಿದರೆ "ಮುಖಪರಿಚಯ ಅಷ್ಟೆ." ಹುಡುಕುತ್ತಿದ್ದವರೆಲ್ಲ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಹೆದರಿಕೆಯೂ ಹೋಗಿತ್ತು. ಅಭ್ಯಾಸ ಮಾತ್ರ ಮೈಯಲ್ಲೇ ಕೂತಿತ್ತು.

ಇಬ್ಬರಿಗೂ ಹಿಂಸೆ ಕೊಡುತ್ತಿದ್ದೇನೋ ಏನೋ ಎಂದು ಫೋಟೋಗ್ರಾಫರ್‌ಗೆ ಅಳುಕಾಯಿತು. "ಅಂಕಲ್, ಬಾಗಿಲಿಗೆ ಚಿಲಕ ಹಾಕಿ ಪರದೆ ಎಳೀತೀನಿ. ಯಾರೂ ಬರಲ್ಲ."

ಚಿಲಕ ಬಿದ್ದದ್ದೇ ತಡ, ಗಡಿಯಾರದವರು ಬೇರೆಯೇ ಮನುಷ್ಯರಾದರು. ಹೆಂಡತಿಗೆ ಒತ್ತಿ ಕೂತು, "ಏ, ನಿನ್ನ ಕನ್ನಡಕ ನೋಡು, ಮೂಗಿನಿಂದ ಹಾರಿಕೊಳ್ಳೋಕೆ ನಿಂತಿದೆ," ಎನ್ನುತ್ತಾ ತಾವೇ ಅದನ್ನು ಮೇಲೆ ತಳ್ಳಿದರು. ಫೋಟೋಗ್ರಾಫರ್ ಕ್ಯಾಮೆರಾಗೆ ಕಣ್ಣು ಹಚ್ಚಿದಳು. ಅವಳಿಗೆ ಬೇಕಿದ್ದದ್ದು ಇದೇ.

"ತೆಗೀಬೇಡ ತಾಯಿ," ಎಂದರು ಟೀಚರ್. "ಮೊದಲು ಬಾಗಿಲು ತೆಗಿ."

"ತುಂಬ ಚೆನ್ನಾಗಿ ಬರ್ತಿದೆ ಆಂಟಿ..."

"ಬಾಗಿಲು ಹಾಕ್ಕೊಂಡು ಇವರು ಮನೇಲೂ ಚೆನ್ನಾಗೇ ಕೂತ್ಕೋತಾರೆ. ಅಷ್ಟಕ್ಕೆ ಇಲ್ಲೀತನಕ ಬರಬೇಕಿತ್ತಾ?"

ಗಡಿಯಾರದವರ ಮುಖ ಸಣ್ಣದಾಯಿತು. "ನಾನು ದೂರ ಕೂತಿದ್ದೆಲ್ಲ ನಿನ್ನ ಸಲುವಾಗೇ ಅಲ್ವೇನೇ?"

"ಅಲ್ಲ ಅಂದ್ನಾ? ನಿಮ್ಮ ದೇವರಿಗೂ ಗೊತ್ತು, ನಮ್ಮ ದೇವರಿಗೂ ಗೊತ್ತು. ಬಸ್ ಕಂಡಕ್ಟರ್‌ಗೆ ಮಾತ್ರ ಇನ್ನೂ ಗೊತ್ತಾಗಿಲ್ಲ." ಟೀಚರ್ ನಕ್ಕರು. ನಗು ಬೇಗ ಆರಿತು. "ಒಂದೇ ಒಂದು ಸಲ, ಜನ ನೋಡ್ತಿರುವಾಗ ನನ್ನ ಪಕ್ಕ ಕೂತ್ಕೊಳ್ರೀ. ಸಾಕು."

ಫೋಟೋಗ್ರಾಫರ್ ಪರದೆ ಸರಿಸಿ ಚಿಲಕ ತೆಗೆದು ಬಾಗಿಲನ್ನು ಅಗಲವಾಗಿ ತೆರೆದಿಟ್ಟಳು. ಕ್ಯಾಮೆರಾದ ಹತ್ತಿರ ಬರುವಷ್ಟರಲ್ಲಿ ಹೆಲ್ಮೆಟ್ ಹಿಡಿದ ಒಬ್ಬ ಯುವಕ ಒಳಗೆ ಬಂದ. ಬೆಂಚಿನ ಮೇಲಿದ್ದವರು ಆಗಲೇ ತಮ್ಮ ತಮ್ಮ ತುದಿ ಸೇರಿದ್ದರು.

"ಪಾಸ್‌ಪೋರ್ಟ್ ಫೋಟೋ ಬೇಕಿತ್ತು ಮೇಡಂ. ನಿಧಾನ ಆಗ್ಲಿ, ಕಾಯ್ತೀನಿ," ಎಂದವನೇ ಬೆಂಚಿನ ಖಾಲಿ ಜಾಗ ನೋಡಿ ಇಬ್ಬರ ನಡುವೆ ಆರಾಮಾಗಿ ಕೂತುಬಿಟ್ಟ. ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಎಡಕ್ಕೂ ಬಲಕ್ಕೂ ತಿರುಗಿ ಕೇಳಿದ: "ನಿಮಗೂ ಪಾಸ್‌ಪೋರ್ಟ್ ಸೈಜೇನಾ?"

ಟೀಚರ್ ಕೈಚೀಲದ ಜಿಪ್ಪನ್ನು ಮೆಲ್ಲಗೆ ಎಳೆದು ಮುಚ್ಚಿದರು, ಹೊರಡಲು ತಯಾರಾದವರ ಹಾಗೆ. ಇವರಿಬ್ಬರು ಯಾರೆಂದು ಹೇಳಹೊರಟ ಫೋಟೋಗ್ರಾಫರ್ ತಡೆದುಕೊಂಡಳು. ಆ ಮಾತು ಅವಳು ಆಡುವಂಥದ್ದಾಗಿರಲಿಲ್ಲ.

ಗಡಿಯಾರದವರು ಎದ್ದು ನಿಂತರು. "ಸ್ವಲ್ಪ ಏಳಪ್ಪ. ನಾನಲ್ಲಿ ಕೂತ್ಕೋಬೇಕು."

"ಆ ತುದೀಲಿ ಅಷ್ಟೊಂದು ಜಾಗ ಇದ್ಯಲ್ಲ ತಾತ?"

"ಅಲ್ಲಿ ಕೂತು ಕೂತು ಸಾಕಾಗಿದೆ. ಈ ಟೀಚರ್..." ಕೆಮ್ಮಿದರು. "ಇವಳು ನನ್ನ ಹೆಂಡ್ತಿ."

ಟೀಚರ್ ತಲೆ ಎತ್ತಿದರು. "ಏನಂದ್ರಿ? ಕೇಳಿಸ್ಲಿಲ್ಲ."

ಪಾಪ, ಕಿವಿ ಮಂದವಿರಬೇಕು ಎಂದುಕೊಂಡ ಯುವಕ ಎದ್ದು, ಅವರ ಕಿವಿಯ ಹತ್ತಿರ ಬಾಗಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದ: "ನೀವು ಇವರ ಹೆಂಡ್ತಿ ಅಂತೆ ಅಮ್ಮಾ! ಹೆಂಡ್ತಿ!"

ಕೂಗು ಬೀದಿಗೆ ಬಿತ್ತು. ಎದುರಿನ ಹಣ್ಣಿನ ಗಾಡಿಯ ಹತ್ತಿರ ನಿಂತಿದ್ದವರೆಲ್ಲ ಇತ್ತ ತಿರುಗಿದರು. ಆಗತಾನೆ ಹೆಂಡತಿಯ ಪಕ್ಕ ಕೂತಿದ್ದ ಗಡಿಯಾರದವರು ಅರ್ಧ ಎದ್ದರು. ಮರುಗಳಿಗೆ ಎರಡೂ ಕೈಯಿಂದ ತಮ್ಮ ಮಂಡಿಗಳನ್ನು ತಾವೇ ಒತ್ತಿ ಹಿಡಿದು, ಕಿವಿಯವರೆಗೂ ಕೆಂಪಾಗಿ, ಕೂತರು.

"ಅಲ್ಲಾಡಬೇಡಿ, ದಯವಿಟ್ಟು," ಎಂದಳು ಫೋಟೋಗ್ರಾಫರ್.

ಟೀಚರ್ ಅಲ್ಲಾಡಲಿಲ್ಲ. ನೆಟ್ಟಗೆ ಕ್ಯಾಮೆರಾವನ್ನೇ ನೋಡುತ್ತಾ ಯುವಕನಿಗೆ ಹೇಳಿದರು: "ಯಾವಾಗಿನಿಂದ ಅಂತ ಇವರನ್ನೇ ಕೇಳಪ್ಪ."